ರೋಟವೇಟರ್ ಬಿಚ್ಚಿಟ್ಟ ಮೇಲೇನೇ ನಮ್ಮ ಚಿಕ್ಕ ಟ್ರ್ಯಾಕ್ಟರ್ ಕೆಲಸಕ್ಕೆ ಬಂದಿದ್ದು

ನಿನ್ನೆ ಸಾಯಂಕಾಲ ಕಾಯಿಮಟ್ಟೆ ಲೋಡು ಇಳಿಸಿ ಗಾಡಿ ಶೆಡ್ಡಿಗೆ ಹಾಕಿ ಮೀಟರ್ ನೋಡಿದ್ರೆ 912 ಗಂಟೆ ಆಗಿದೆ. ತಗೊಂಡು ಮೂರು ವರ್ಷ ತುಂಬಕ್ಕೆ ಇನ್ನ ಎರಡು ತಿಂಗಳಿದೆ. ನಾನು ಮೊದಲನೇ ದಿನದಿಂದಾನೂ ಅಡುಗೆಮನೆ ಕ್ಯಾಲೆಂಡರಲ್ಲಿ ಆಯಾ ದಿನದ ಚೌಕದೊಳಗೆ ಯಾವ ಕೆಲ್ಸಕ್ಕೆ ಎಷ್ಟು ಗಂಟೆ ಓಡ್ತು ಅಂತ ಬರೆದಿಡ್ತೀನಿ, ಹಾಲಿನ ಲೆಕ್ಕದ ಪಕ್ಕದಲ್ಲೇ. ರಾತ್ರಿ ಊಟ ಆದ್ಮೇಲೆ ಮೂರೂ ವರ್ಷದ ಕ್ಯಾಲೆಂಡರ್ ಇಟ್ಕೊಂಡು ಕೂಡ್ಸಿದೆ. ಟ್ರೇಲರ್ ಸಿಗಿಸ್ಕೊಂಡು ಓಡಿದ್ದು 430 ಗಂಟೆ. ರೋಟವೇಟರ್ (ತಿರುಗೋ ಬ್ಲೇಡಲ್ಲಿ ಮಣ್ಣು ಪುಡಿ ಮಾಡೋದು) 150, ಅದ್ರಲ್ಲಿ 110 ಮೊದಲನೇ ವರ್ಷಾನೇ ಆಗಿರೋದು. ಕಲ್ಟಿವೇಟರ್ (ಕಬ್ಬಿಣದ ಹಲ್ಲಲ್ಲಿ ಮಣ್ಣು ಸೀಳೋದು) 90, ನೀರಿನ ಟ್ಯಾಂಕು ಮತ್ತೆ ಔಷಧಿ ಹೊಡೆಯೋದು ಸೇರಿ 100, ಅಕ್ಕಪಕ್ಕದೋರ ಕೆಲ್ಸಕ್ಕೆ 80, ರಾಗಿ ಹೊಲ ಮತ್ತೆ ಕಣಕ್ಕೆ 60. ಹೆಚ್ಚುಕಮ್ಮಿ ಇಷ್ಟು.

ಈ ಲೆಕ್ಕ ನೋಡಿದ್ಮೇಲೆ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ನನ್ನನ್ನ ಕೇಳೋರೆಲ್ಲ ಕೇಳೋದು ಒಂದೇ ಪ್ರಶ್ನೆ, ಮಿನಿ ಟ್ರ್ಯಾಕ್ಟರಲ್ಲಿ ಉಳುಮೆ ಹೆಂಗೆ ಬರುತ್ತೆ ಅಂತ. ಉಳುಮೆ ಬರುತ್ತೆ. ಆದ್ರೆ ತೆಂಗಿನ ತೋಟದೋರು ಉಳುಮೆಗೋಸ್ಕರ ಇದನ್ನ ತಗೊಂಡ್ರೆ ನಾನು ಮೊದಲನೇ ವರ್ಷ ಮಾಡಿದ ತಪ್ಪನ್ನೇ ಮಾಡ್ತೀರ.

ನಮ್ಮದು ಗುಬ್ಬಿ ತಾಲ್ಲೂಕು, ನಿಟ್ಟೂರಿಂದ ಸ್ವಲ್ಪ ಒಳಗೆ. ನಾಲ್ಕು ಎಕರೆ ತೆಂಗು, ಒಂದು ಎಕರೆ ಅಡಿಕೆ, ಎರಡು ಎಕರೆ ಖುಷ್ಕಿ ಹೊಲ ರಾಗಿಗೆ. ನಮ್ಮನೆಯೋರು ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲ್ಸ, ಶಿಫ್ಟ್ ಡ್ಯೂಟಿ, ತೋಟ ನೋಡ್ಕೊಳ್ಳೋದು ನಾನು ಮತ್ತೆ ಮಾವ. ಮಾವಂಗೆ ಎಪ್ಪತ್ತೆರಡು. ಅವ್ರ ಮಂಡಿ ಸೋತ ಮೇಲೆ ಎತ್ತು ಮಾರಿದ್ವಿ. ಆಮೇಲೆ ಮೂರ್ನಾಲ್ಕು ವರ್ಷ ಬಾಡಿಗೆ ಟ್ರ್ಯಾಕ್ಟರ್ ನಂಬ್ಕೊಂಡಿದ್ವಿ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಆ ಮಳೆ ಬಿದ್ದ ಮಾರನೇ ದಿನ ಊರಲ್ಲಿರೋ ನಾಲ್ಕು ಟ್ರ್ಯಾಕ್ಟರಿಗೆ ನಲವತ್ತು ಜನ ಕಾಯ್ತಿರ್ತಾರೆ, ನಮ್ಮ ಸರದಿ ಬರೋ ಹೊತ್ತಿಗೆ ಹದ ಆರಿ ನೆಲ ಕಲ್ಲಾಗಿರುತ್ತೆ. ಅದೂ ಅಲ್ದೆ ದೊಡ್ಡ ಟ್ರ್ಯಾಕ್ಟರ್ ಅಡಿಕೆ ಸಾಲಿಗೆ ನುಗ್ಗಲ್ಲ, ನಮ್ಮ ಅಡಿಕೆ ಒಂಬತ್ತಡಿಗೆ ಒಂಬತ್ತಡಿ ಇದೆ, ನುಗ್ಗಿಸಿದ್ರೂ ತಿರುಗಿಸೋವಾಗ ಮರ ಉಜ್ಜಿ ಸಿಪ್ಪೆ ಕಿತ್ತು ಹೋಗುತ್ತೆ. ಟಿಲ್ಲರ್ ತಗೊಳ್ಳಣ ಅಂತಾನೂ ಯೋಚನೆ ಬಂತು, ನಮ್ಮ ತಮ್ಮನ ಮನೇಲಿದೆ, 13 ಎಚ್‌ಪಿದು, ಗಟ್ಟಿ ಮಿಷಿನ್ನೇ, ಆದ್ರೆ ದಿನಾ ಹಿಂದೆ ನಡ್ಕೊಂಡು ಹ್ಯಾಂಡಲ್ ಒತ್ತಿ ತಿರುಗಿಸೋದು ನನ್ನ ರಟ್ಟೆಗೆ ಆಗೋ ಕೆಲ್ಸ ಅಲ್ಲ.

ಹಂಗಾಗಿ 24 ಎಚ್‌ಪಿ, ಫೋರ್ ವೀಲ್ ಡ್ರೈವ್ ಇರೋದೊಂದನ್ನ ತಗೊಂಡ್ವಿ. ಬೆಂಗಳೂರಿನ ವಿಎಸ್‌ಟಿ, ಮಹೀಂದ್ರ ಜೀವೋ, ಕುಬೋಟ, ಸೋನಾಲಿಕ, ಈ ಸೈಜಲ್ಲಿ ಎಲ್ಲರದ್ದೂ ಇದೆ. ಯಾವುದು ಒಳ್ಳೇದು ಅಂತ ನಾನು ಹೇಳಲ್ಲ, ಹತ್ರದಲ್ಲಿ ಮೆಕ್ಯಾನಿಕ್ ಯಾವುದಕ್ಕೆ ಸಿಗ್ತಾನೆ ಅದೇ ಒಳ್ಳೇದು. ನೋಡ್ಬೇಕಾಗಿದ್ದು ಬೇರೆ. ಟೇಪ್ ತಗೊಂಡು ಹೋಗಿ ಗಾಡಿ ಅಗಲ ಅಳೀರಿ, ಹಿಂದಿನ ಟೈರಿನ ಹೊರಗಿನ ಅಂಚಿಂದ ಅಂಚಿಗೆ, ಆಮೇಲೆ ನಿಮ್ಮ ತೋಟದ ಅತೀ ಇಕ್ಕಟ್ಟಿನ ಸಾಲು ಅಳೀರಿ. ಇಂಜಿನ್ ಎಚ್‌ಪಿ ಜತೆಗೆ ಪಿಟಿಒ (ಹಿಂದುಗಡೆ ಉಪಕರಣ ತಿರುಗಿಸೋ ಶಾಫ್ಟು) ಎಚ್‌ಪಿ ಎಷ್ಟು ಅಂತ ಕೇಳಿ, ಅದು ಯಾವಾಗ್ಲೂ ಕಮ್ಮೀನೇ ಇರುತ್ತೆ, ರೋಟವೇಟರ್ ಶ್ರೆಡರ್ ತಿರುಗಿಸೋದು ಅದೇ. ಹಿಂದೆ ಎಷ್ಟು ಕೆಜಿ ಎತ್ತುತ್ತೆ ಅಂತ ಕೇಳಿ.

ಈಗ ರೋಟವೇಟರ್ ವಿಷ್ಯ.

ಗಾಡಿ ಜತೆಗೇ ನಾಲ್ಕಡಿ ರೋಟವೇಟರ್ ತಂದ್ವಿ. ಮೊದಲನೇ ವರ್ಷ ನಾನು ಅದನ್ನ ಬಿಚ್ಚಲೇ ಇಲ್ಲ. ತಿಂಗಳಿಗೊಂದ್ಸಲ ಇಡೀ ತೋಟ ಹೊಡೀತಿದ್ದೆ. ಒಂದು ಹುಲ್ಲುಕಡ್ಡಿ ಇಲ್ದಂಗೆ, ಜರಡಿ ಹಿಡಿದ ಹಿಟ್ಟಿನ ಥರ ನೆಲ. ದಾರೀಲಿ ಹೋಗೋರು ನಿಂತು ನೋಡಿ, ಏನಕ್ಕ ತೋಟ ಅಂದ್ರೆ ಹಿಂಗಿರ್ಬೇಕು ಅಂತಿದ್ರು, ನಂಗೂ ಖುಷಿ. ಮಾವ ಮಾತ್ರ ಏನೂ ಹೇಳ್ತಿರ್ಲಿಲ್ಲ. ಒಂದಿನ ಮಾತ್ರ, "ಅಮ್ಮಣ್ಣಿ, ಮರದ ಬುಡ ಕೆರೀಬ್ಯಾಡ ಕಣವ್ವ, ಎತ್ತು ಕಟ್ಟಿದಾಗ್ಲೂ ನಾವು ಬುಡಕ್ಕೆ ಹೋಗ್ತಿರ್ಲಿಲ್ಲ" ಅಂದ್ರು. ನಾನು ಆಯ್ತು ಮಾವ ಅಂದೆ, ಆದ್ರೂ ಕಳೆ ಬುಡದಲ್ಲೇ ಜಾಸ್ತಿ ಅಲ್ವಾ, ಪಾತಿ ಒಳಗೂ ಒಂದು ರೌಂಡ್ ಹೊಡೆದುಬಿಡ್ತಿದ್ದೆ.

ಆ ವರ್ಷ ಮುಂಗಾರಿಗೆ ಒಂದು ಜೋರು ಮಳೆ ಬಂತು. ಒಂದು ಗಂಟೆ ಹೊಡೀತು ಅಷ್ಟೆ. ನಿಂತ ಮೇಲೆ ತೋಟಕ್ಕೆ ಹೋದ್ರೆ ಕೆಳಗಡೆ ಬದೂ ಕಿತ್ಕೊಂಡು ಕೆಂಪು ನೀರು ಹಳ್ಳದ ಕಡೆ ಹರೀತಿತ್ತು. ಅಷ್ಟು ಮೆತ್ತಗೆ ಹೊಡೆದಿರೋ ನೆಲ ನೀರು ಕುಡೀಬೇಕಲ್ವಾ, ಯಾಕೆ ಹರೀತು? ಮಾರನೇ ದಿನ ಹಾರೆ ತಗೊಂಡು ಸಾಲಿನ ಮಧ್ಯ ಒಂದು ಗುಂಡಿ ತೆಗೆದೆ. ಮೇಲೆ ಐದು ಇಂಚು ಕೈಯಲ್ಲೇ ಬಾಚ್ಕೊಂಡು ಬರುತ್ತೆ, ಪುಡಿ ಪುಡಿ. ಅದ್ರ ಕೆಳಗೆ ಹಾರೆ ಟಣ್ ಅಂತು. ಕಲ್ಲು ಅಂದ್ಕೊಂಡೆ. ಕಲ್ಲಲ್ಲ, ಮಣ್ಣೇ, ಸಗಣಿ ಸಾರಿಸಿದ ನೆಲದ ಥರ ನುಣ್ಣಗೆ ಮುಚ್ಕೊಂಡಿರೋ ಒಂದು ಪದರ. ಬೆರಳು ಇಟ್ಟು ಸವರಿದ್ರೆ ಬ್ಲೇಡ್ ಉಜ್ಜಿರೋ ಗೀರು ಕಾಣ್ತಿತ್ತು. ರೋಟವೇಟರ್ ಬ್ಲೇಡು ಬಗ್ಗಿರುತ್ತಲ್ಲ, ಪ್ರತಿ ಸಲ ಅದೇ ಆಳದಲ್ಲಿ ಕೆಳಗಿನ ಮಣ್ಣನ್ನ ಒತ್ತಿ ಒತ್ತಿ ಸವರ್ತಾ ಹೋಗುತ್ತೆ. ಅದ್ರ ಮೇಲೆ ಗಾಡಿ ತೂಕ ಬೇರೆ. ಮೇಲಿನ ಪುಡಿ ನೆನೆದು ಕೆಸರಾಗಿ ತೂತು ಮುಚ್ಕೊಳ್ಳುತ್ತೆ, ಕೆಳಗಿನ ಪದರ ನೀರು ಬಿಡಲ್ಲ, ಇನ್ನ ಮಳೆ ಎಲ್ಲಿಗೆ ಹೋಗ್ಬೇಕು.

ಅದೇ ಗುಂಡೀಲಿ ಇನ್ನೊಂದು ಕಂಡಿದ್ದು ಬೇರು. ದಾರದ ಥರದ ಕೆಂಪು ಬೇರುಗಳು ಸಾಲಾಗಿ ತುಂಡಾಗಿದ್ವು, ಕತ್ತರೀಲಿ ಕತ್ತರಿಸಿದಂಗೆ.

ತಿಪಟೂರಿನ ಕೋನೆಹಳ್ಳೀಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲಿಗೆ ಹೋಗಿ ಕೇಳ್ದೆ. ನಮ್ಮ ಜಿಲ್ಲೆಗೆ ಇನ್ನೊಂದು ಹಿರೇಹಳ್ಳೀಲೂ ಇದೆ, ನಿಮಗೆ ಯಾವುದು ಹತ್ರಾನೋ ಅಲ್ಲಿ ಕೇಳಿ, ಸಂಕೋಚ ಪಡ್ಬೇಡಿ. ಅಲ್ಲಿ ಗೊತ್ತಾಗಿದ್ದು, ತೆಂಗಿಗೆ ತಾಯಿಬೇರು ಅಂತ ಇಲ್ಲ. ಬುಡದ ಗೆಡ್ಡೆಯಿಂದಾನೇ ಸಾವಿರಾರು ಬೇರು ಸುತ್ತಾ ಹೊರಡುತ್ವೆ, ಅದ್ರಲ್ಲಿ ಕೆಲ್ಸ ಮಾಡೋ ಬೇರು ಬಹುಪಾಲು ಮರದಿಂದ ಆರೇಳಡಿ ಒಳಗೇ ಇರುತ್ತೆ. ಅದಕ್ಕೇ ಪಾತಿ ಮರದಿಂದ ಸುತ್ತಾ ಆರಡಿ ದೂರದವರೆಗೂ ಮಾಡಿ ಗೊಬ್ಬರ ಅಲ್ಲೇ ಹಾಕಿ ಅನ್ನೋದು. ನಾನು ಗೊಬ್ಬರ ಹಾಕಿದ ಜಾಗದಲ್ಲೇ ಅದನ್ನ ತಿನ್ನೋ ಬಾಯಿ ಕತ್ತರಿಸ್ತಾ ಇದ್ದೆ. ಅದಕ್ಕಿಂತ ಕೆಟ್ಟದು ಅಣಬೆ ರೋಗ. ಬುಡದಿಂದ ಕಂದು ರಸ ಸೋರಿ, ಗರಿ ಬಾಗಿ, ಕೊನೆಗೆ ಬುಡದಲ್ಲಿ ಅಣಬೆ ಎದ್ದು ಮರ ಸಾಯೋದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ. ಅದು ಮಣ್ಣಲ್ಲಿರೋ ಶಿಲೀಂಧ್ರ, ಗಾಯ ಆದ ಬೇರಿಂದ ಒಳಗೆ ಹೋಗುತ್ತೆ, ರೋಗ ಇರೋ ಮರದಿಂದ ಪಕ್ಕದ್ದಕ್ಕೆ ಬೇರು ಮತ್ತೆ ನೀರಿನ ಮೂಲಕ ದಾಟುತ್ತೆ. ನಮ್ಮ ಪೂರ್ವದ ಅಂಚಲ್ಲಿ ಮೊದ್ಲೇ ಎರಡು ಮರಕ್ಕೆ ಇತ್ತು. ಆ ಸಾಲಲ್ಲೂ ನಾನು ರೋಟವೇಟರ್ ಓಡಿಸಿದ್ದೆ. ಮೂರನೇ ಮರ ಆಮೇಲೆ ಹೋಯ್ತು. ಅದು ನಾನು ಹೊಡೆದಿದ್ದರಿಂದಾನೇ ಬಂತು ಅಂತ ಖಂಡಿತ ಹೇಳಕ್ಕಾಗಲ್ಲ, ಆದ್ರೆ ಆ ಮರ ನೋಡಿದಾಗೆಲ್ಲ ಹೊಟ್ಟೆ ಚುರುಕ್ ಅನ್ನುತ್ತೆ. ಮಾವನ ಅಪ್ಪ ನೆಟ್ಟಿದ್ದ ಮರ ಅದು.

ಅವತ್ತಿಂದ ರೋಟವೇಟರ್ ಬಿಚ್ಚಿಟ್ಟೆ. ಈಗ ಅದು ವರ್ಷಕ್ಕೆ ಹೊರಗೆ ಬರೋದು ರಾಗಿ ಹೊಲಕ್ಕೆ ಒಂದ್ಸಲ, ಇನ್ನ ಯಾರಾದ್ರೂ ತರಕಾರಿ ಮಡಿಗೆ ಕೇಳಿದ್ರೆ. ತೋಟಕ್ಕೆ ಐದು ಹಲ್ಲಿನ ಕಲ್ಟಿವೇಟರ್, ಅದೂ ವರ್ಷಕ್ಕೆ ಎರಡು ಸಲ, ಸಾಲಿನ ಮಧ್ಯ ಮಾತ್ರ. ಮಳೆಗಾಲಕ್ಕೆ ಸೆಣಬು ಇಲ್ಲಾ ಹುರುಳಿ ಚೆಲ್ತೀವಿ, ಹೂವಿಗೆ ಬಂದಾಗ ಅದನ್ನೇ ಮಣ್ಣಿಗೆ ಸೇರಿಸ್ತೀವಿ. ಹುಲ್ಲು ಇರುತ್ತೆ. ಈಗ ದಾರೀಲಿ ಹೋಗೋರು ಏನಕ್ಕ ತೋಟ ಬೀಳು ಬಿಟ್ಟಿದೀರ ಅಂತ ಕೇಳ್ತಾರೆ, ಪರವಾಗಿಲ್ಲ.

ಹಂಗಾದ್ರೆ ಗಾಡಿ ಸುಮ್ನೆ ನಿಂತಿದ್ಯಾ ಅಂದ್ರೆ, ಇಲ್ಲ, ಆಮೇಲೇನೇ ಅದು ನಿಜವಾಗ್ಲೂ ದುಡಿಯಕ್ಕೆ ಶುರು ಮಾಡಿದ್ದು. ತೆಂಗಿನ ತೋಟದಲ್ಲಿ ಮನುಷ್ಯನ್ನ ಸಾಯಿಸೋದು ಉಳುಮೆ ಅಲ್ಲ, ಹೊರೋದು. ಕಾಯಿ ಕೀಳ್ಸಿದ್ರೆ ರಾಶಿ ಹಾಕಕ್ಕೆ ಹೊರ್ಬೇಕು, ಉಂಡೆ ಕೊಬ್ಬರಿಗೆ ಬಿಡೋದಾದ್ರೆ ಅಟ್ಟಕ್ಕೆ ಹಾಕ್ಬೇಕು, ಹತ್ತು ಹನ್ನೊಂದು ತಿಂಗಳು ಬಿಟ್ಟು ಇಳಿಸಿ ಸುಲಿದ ಮೇಲೆ ಮಟ್ಟೆ ಹೊರ್ಬೇಕು. ಗರಿ, ಎಡೆಮಟ್ಟೆ, ತಿಪ್ಪೆ ಗೊಬ್ಬರ, ಹೊಂಗೆ ಸೊಪ್ಪು, ಹಸುಗೆ ಮೇವು, ಎಲ್ಲಾ ತಲೆ ಮೇಲೆ. ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ನಮ್ಮತ್ತೆ ಮಂಕರಿ ತುಂಬ ಗೊಬ್ಬರ ಹೊತ್ಕೊಂಡು ಕೊನೇ ಸಾಲಿನವರೆಗೂ ದಿನಕ್ಕೆ ನಲವತ್ತು ಸಲ ಓಡಾಡ್ತಿದ್ರು. ಅವ್ರ ಕುತ್ತಿಗೆ ನೋವು ಇವತ್ತಿಗೂ ಹೋಗಿಲ್ಲ. ಅದೇ ಕೆಲ್ಸ ಈಗ ಎರಡು ಟ್ರಿಪ್ಪು.

ಟ್ರೇಲರಲ್ಲಿ ನಾನು ಮಾಡಿರೋ ಅತೀ ಒಳ್ಳೇ ಕೆಲ್ಸ ಅಂದ್ರೆ ಕೆರೆ ಗೋಡು, ಅಂದ್ರೆ ಕೆರೆ ಹೂಳು, ತಂದಿದ್ದು. ಎರಡನೇ ವರ್ಷ ಬೇಸಿಗೇಲಿ ನಮ್ಮೂರ ಕೆರೆ ಒಣಗಿತ್ತು, ಪಂಚಾಯ್ತೀಲಿ ಕೇಳ್ಕೊಂಡು ಹನ್ನೆರಡು ದಿನದಲ್ಲಿ ಅರವತ್ಮೂರು ಲೋಡು ಹೊಡೆದೆ. ನಮ್ಮದು ಮರಳು ಮಿಶ್ರ ಕೆಂಪು ಮಣ್ಣು, ಹಿಡಿದ್ರೆ ಬೆರಳ ಸಂದೀಲಿ ಸೋರುತ್ತೆ, ನೀರು ನಿಲ್ಲಲ್ಲ. ಗೋಡು ಕಪ್ಪಗೆ ಜಿಗಟು, ನೀರು ಹಿಡಿಯೋ ಗುಣ ಅದ್ರದ್ದು. ಎರಡು ಇಂಚಿಗಿಂತ ದಪ್ಪ ಹಾಕ್ಲಿಲ್ಲ, ದಪ್ಪ ಹಾಕಿದ್ರೆ ಬಿರುಕು ಬಿಡುತ್ತೆ ಅಂತ ಮಾವ ಹೇಳಿದ್ರು. ಮೊದಲ ಮಳೆಗೆ ಅದು ತಾನೇ ಕರಗಿ ಕೆಳಗಿಳೀತು. ಹೋದ ಬೇಸಿಗೇಲಿ ಗೋಡು ಹಾಕಿದ ಭಾಗಕ್ಕೆ ಆರು ದಿನಕ್ಕೊಂದ್ಸಲ ನೀರು ಬಿಟ್ಟಿದ್ರೆ ಹಾಕ್ದೇ ಇರೋ ಕಡೆ ನಾಲ್ಕು ದಿನಕ್ಕೇ ಗರಿ ಸೊರಗ್ತಿತ್ತು. ಹೇಮಾವತಿ ನಾಲೆ ನೀರು ನಮ್ಮ ಕಡೆ ಕೆರೆಗೆ ಬಂದ ವರ್ಷ ಒಂದು ಥರ, ಬರ್ದಿದ್ರೆ ಇನ್ನೊಂದು ಥರ, ಬೋರ್‌ವೆಲ್ಲೇ ಗತಿ, ಹಂಗಿರೋವಾಗ ಎರಡು ದಿನದ ನೀರು ಉಳಿಯೋದು ಸಣ್ಣ ಮಾತಲ್ಲ.

ಆದ್ರೆ ಟ್ರೇಲರ್ ಅಂದ್ರೆ ಹುಷಾರಾಗಿರ್ಬೇಕು, ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ, ಯಾಕಂದ್ರೆ ನಂಗೆ ಇದನ್ನ ಯಾರೂ ಹೇಳ್ಕೊಡ್ಲಿಲ್ಲ. ಶೋರೂಮಿನೋರು ಗಾಡಿ ತಂದು ಇಳಿಸಿ, ಕೀ ಕೊಟ್ಟು, ಹೂವಿನ ಹಾರ ಹಾಕಿ ಫೋಟೋ ತೆಗೆಸ್ಕೊಂಡು ಹೋದ್ರು. ಬುಕ್ಕು ಕನ್ನಡದಲ್ಲಿ ಇರ್ಲಿಲ್ಲ. ಗಾಡಿ ಓಡಿಸೋದು ಬೇರೆ, ಅದ್ರಲ್ಲಿ ಕೆಲ್ಸ ಮಾಡೋದು ಬೇರೆ.

ಎರಡು ಚಕ್ರದ ಟ್ರೇಲರಲ್ಲಿ ಮಣ್ಣು ತುಂಬೋವಾಗ ಹಿಂದುಗಡೆಯಿಂದ ತುಂಬ್ಕೊಂಡು ಬಂದ್ರೆ ಮೂಕಿ ಮೇಲಕ್ಕೆ ಎದ್ದು ಟ್ರ್ಯಾಕ್ಟರಿನ ಹಿಂದಿನ ಚಕ್ರಾನೂ ಹಗುರ ಆಗ್ಬಿಡುತ್ತೆ, ಏರಲ್ಲಿ ಚಕ್ರ ಸುಮ್ನೆ ಸುತ್ತುತ್ತೆ. ಎತ್ತಿನ ಗಾಡೀಲೂ ಇದೇ ಅಲ್ವಾ, ಹಿಂದೆ ಭಾರ ಆದ್ರೆ ನೊಗ ಎತ್ತಿನ ಕುತ್ತಿಗೆ ಬಿಟ್ಟು ಏಳ್ತಿತ್ತು, ಮಾವ ಹಂಗೇ ಹೇಳಿ ತೋರ್ಸಿದ್ರು. ಭಾರ ಅಚ್ಚಿಗಿಂತ ಸ್ವಲ್ಪ ಮುಂದೆ ಇರ್ಬೇಕು. ಇನ್ನ ಇಳಿಜಾರು. ನಮ್ಮ ಕೆರೆ ಏರಿ ಮೇಲಿಂದ ತೋಟದ ಕಡೆ ಇಳಿಯೋ ದಾರಿ ಕಡಿದಾಗಿದೆ. ಟ್ರೇಲರಿಗೆ ಬ್ರೇಕ್ ಇಲ್ಲ. ಒಂದೂವರೆ ಟನ್ ಮಣ್ಣು ಹಿಂದಿಂದ ನೂಕ್ತಿರುತ್ತೆ, ಗಾಡಿ ತೂಕ ಅದಕ್ಕಿಂತ ಕಮ್ಮಿ. ಹಂಗಾಗಿ ಇಳಿಯೋಕ್ ಮುಂಚೇನೇ ನಿಲ್ಲಿಸಿ ಲೋ ಫಸ್ಟ್ ಗೇರಿಗೆ ಹಾಕಿ, ಎರಡೂ ಬ್ರೇಕ್ ಪೆಡಲ್ ಸೇರಿಸೋ ಚಿಲಕ ಹಾಕಿ, ಕ್ಲಚ್ ಮೇಲಿಂದ ಕಾಲು ಪೂರ್ತಿ ತೆಗೆದುಬಿಡಿ. ಇಂಜಿನ್ನೇ ಹಿಡ್ಕೊಂಡು ಇಳಿಸುತ್ತೆ. ಭಯ ಆಗಿ ಕ್ಲಚ್ ಒತ್ತಿದ್ರೋ, ಇಂಜಿನ್ ಹಿಡಿತ ಬಿಟ್ಟು ಗಾಡಿ ಓಡಕ್ಕೆ ಶುರು ಮಾಡುತ್ತೆ. ಬ್ರೇಕ್ ಚಿಲಕ ಹಾಕ್ದೇ ಒಂದು ಕಡೆ ಪೆಡಲ್ ಮಾತ್ರ ಒತ್ತಿದ್ರೆ ಗಾಡಿ ಆ ಕಡೆಗೇ ತಿರುಗಿ ಟ್ರೇಲರ್ ಅಡ್ಡ ಬರುತ್ತೆ. ಟ್ರೇಲರ್ ಮೇಲೆ ಆಳುಗಳನ್ನ ಕೂರಿಸ್ಕೊಂಡು ಬರೋದನ್ನಂತೂ ನಾನು ಬಿಟ್ಟೇಬಿಟ್ಟೆ, ಹೆಣ್ಮಕ್ಕಳು ಬೈಕೊಂಡ್ರೂ ಸರಿ. ಟ್ರೇಲರಿಗೆ ಬೇರೆ ನಂಬರ್, ಬೇರೆ ಇನ್ಶೂರೆನ್ಸ್ ಬೇಕು ಅನ್ನೋದೂ ನೆನಪಿರ್ಲಿ.

ಮಟ್ಟೆ ವಿಷ್ಯ ಒಂದು. ಮೊದ್ಲು ಮಟ್ಟೆ ಒಲೆಗೆ, ಮಿಕ್ಕಿದ್ದು ಮಾರೋದು. ಈಗ ಸಾಲಿನ ಮಧ್ಯ, ಮರದಿಂದ ಹತ್ತಡಿ ದೂರದಲ್ಲಿ ಟ್ರೆಂಚ್ ತೆಗೆಸಿ, ಮಟ್ಟೆ ಬೋಗುಣಿ ಥರ ಅಂಗಾತ ಜೋಡಿಸಿ, ಪದರದ ಮೇಲೆ ಪದರ, ಮೇಲೆ ಮಣ್ಣು ಮುಚ್ತೀವಿ. ಬೋರಲು ಹಾಕ್ಬಾರ್ದು, ಅಂಗಾತ ಇದ್ರೇನೇ ನೀರು ನಿಲ್ಲೋದು. ಒಂದ್ಸಲ ನೆನೆದ್ರೆ ತುಂಬಾ ದಿನ ತಂಪು ಹಿಡ್ಕೊಂಡಿರುತ್ತೆ. ನಾಲ್ಕು ಎಕರೇಲಿ ಇನ್ನ ಅರ್ಧ ಆಗಿದೆ.

ಈಗ ಒಂದು ಭಯದ ವಿಷ್ಯ. ಆ ಅಣಬೆ ರೋಗದ ಮರ ಕಡಿಸಿದ ಮೇಲೆ ಬುಡದ ಬೊಡ್ಡೆ ಉಳೀತು. ಅದನ್ನ ಬೇರು ಸಮೇತ ಕಿತ್ತು ಸುಡ್ಬೇಕು, ಬಿಟ್ರೆ ರೋಗ ಅಲ್ಲೇ ಇರುತ್ತೆ. ನಾನು ಬೊಡ್ಡೆಗೆ ಸರಪಳಿ ಸುತ್ತಿ, ಇನ್ನೊಂದು ತುದೀನ ಗಾಡಿ ಹಿಂದೆ ಟಾಪ್ ಲಿಂಕ್ ಸಿಗಿಸೋ ಕಬ್ಬಿಣಕ್ಕೆ ಹಾಕ್ದೆ, ಎತ್ತರದಿಂದ ಎಳೆದ್ರೆ ಬೊಡ್ಡೆ ಮೇಲಕ್ಕೆ ಏಳುತ್ತೆ ಅನ್ನೋ ಲೆಕ್ಕ. ಲೋ ಫಸ್ಟು, ಫೋರ್ ವೀಲು, ಕ್ಲಚ್ ಬಿಟ್ಟೆ. ಸರಪಳಿ ಬಿಗೀತು. ಬೊಡ್ಡೆ ಅಲ್ಲಾಡ್ಲಿಲ್ಲ. ನನ್ನ ಮುಂದಿದ್ದ ಬಾನೆಟ್ಟು ಮೇಲಕ್ಕೆ ಬಂತು. ಮೊದ್ಲು ಏನಾಗ್ತಿದೆ ಅಂತಾನೇ ಗೊತ್ತಾಗ್ಲಿಲ್ಲ, ಎದುರಿಗೆ ಕಾಣ್ತಿದ್ದ ಬೇಲಿ ಮರೆಯಾಗಿ ಆಕಾಶ ಕಾಣ್ತು. ಮಾವ ಅಲ್ಲೇ ನಿಂತಿದ್ದೋರು ಕೂಗಿದ್ದು ಕೇಳಿಸ್ತು, ಕಾಲು ತಾನಾಗೇ ಕ್ಲಚ್ ಒತ್ತಿತ್ತು. ಮುಂದಿನ ಚಕ್ರ ಧಡಾರ್ ಅಂತ ನೆಲಕ್ಕೆ ಬಿತ್ತು. ಇಂಜಿನ್ ಆಫ್ ಮಾಡಿ ಇಳಿದು ಅಲ್ಲೇ ನೆಲದ ಮೇಲೆ ಕೂತೆ, ಹತ್ತು ನಿಮಿಷ ಎದ್ದೇಳಕ್ಕಾಗ್ಲಿಲ್ಲ.

ಆಗಿದ್ದಿಷ್ಟು. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಸರಪಳಿ ಹಾಕಿ ಎಳೆದ್ರೆ, ಎಳೆಯೋ ವಸ್ತು ಬರ್ದೇ ಇದ್ದಾಗ ಚಕ್ರ ಮುಂದಕ್ಕೆ ಹೋಗಕ್ಕಾಗ್ದೆ ಇಡೀ ಗಾಡೀನೇ ಅಚ್ಚಿನ ಸುತ್ತ ಹಿಂದಕ್ಕೆ ಸುತ್ಕೊಳ್ಳುತ್ತೆ. ಪೂರ್ತಿ ಮಗುಚಕ್ಕೆ ಒಂದೆರಡು ಸೆಕೆಂಡ್ ಸಾಕು, ಓಡಿಸೋರು ಅದ್ರ ಅಡೀಲಿ. ಚಿಕ್ಕ ಗಾಡಿ ಹಗುರ, ಹಂಗಾಗಿ ಇನ್ನೂ ಬೇಗ. ಸರಪಳಿ ಹಾಕೋದಾದ್ರೆ ಅಚ್ಚಿಗಿಂತ ಕೆಳಗಿರೋ ಡ್ರಾಬಾರಿಗೆ (ಎಳೆಯಕ್ಕೇ ಇರೋ ಕಬ್ಬಿಣದ ಪಟ್ಟಿ) ಮಾತ್ರ, ಇನ್ನೆಲ್ಲಿಗೂ ಬೇಡ. ಸೀಟಿನ ಹಿಂದೆ ರೋಲ್‌ಬಾರ್ ಇದ್ರೆ ಅದನ್ನ ಗರಿ ತಾಗುತ್ತೆ ಅಂತ ಬಿಚ್ಚಿಸ್ಬೇಡಿ, ಬೆಲ್ಟೂ ಹಾಕ್ಕೊಳ್ಳಿ. ಆ ಬೊಡ್ಡೆ ಕೊನೆಗೆ ಇಬ್ಬರು ಆಳು ಎರಡು ದಿನ ಸುತ್ತ ಅಗೆದು, ಕೊಡ್ಲೀಲಿ ಬೇರು ಕಡಿದು, ಡ್ರಾಬಾರಿಗೆ ಕಟ್ಟಿ ನಿಧಾನಕ್ಕೆ ಎಳೆದಾಗ ಬಂತು.

ಇನ್ನೊಂದು ಪಿಟಿಒ. ಸ್ಟ್ಯಾಂಡರ್ಡ್ ಸ್ಪೀಡು ನಿಮಿಷಕ್ಕೆ 540 ಸುತ್ತು, ಅಂದ್ರೆ ಸೆಕೆಂಡಿಗೆ ಒಂಬತ್ತು ಸುತ್ತು. ಸೆರಗೋ, ದುಪಟ್ಟಾನೋ, ಪಂಚೆ ಚುಂಗೋ ಸಿಕ್ಕಿದ್ರೆ ಅಯ್ಯೋ ಅನ್ನೋಷ್ಟರಲ್ಲಿ ಹತ್ತು ಸುತ್ತು ಸುತ್ಕೊಂಡಿರುತ್ತೆ. ನಮಗೆ ಕೊಟ್ಟ ಶಾಫ್ಟಿಗೆ ಪ್ಲಾಸ್ಟಿಕ್ ಕವರೇ ಇರ್ಲಿಲ್ಲ, ಕೇಳಿ ಕೇಳಿ ಸಾಕಾಗಿ ತುಮಕೂರಲ್ಲಿ ಬೇರೆ ಅಂಗಡೀಲಿ ತಂದು ಹಾಕಿಸ್ದೆ. ನಾನು ಪ್ಯಾಂಟು, ಮೇಲೆ ನಮ್ಮನೆಯೋರ ಹಳೇ ತುಂಬುತೋಳಿನ ಶರ್ಟು, ಜಡೆ ಸುತ್ತಿ ಟೋಪಿ ಒಳಗೆ. ಊರಲ್ಲಿ ಮೊದಮೊದ್ಲು ಮಾತಾಡ್ಕೊಂಡ್ರು. ನಮ್ಮತ್ತೆ ಒಂದಿನ ಬಾವಿ ಹತ್ರ ನಿಂತು, "ನನ್ ಸೊಸೆ ಜೀವ ದೊಡ್ಡದೋ ಸೀರೆ ದೊಡ್ಡದೋ" ಅಂತ ಗಟ್ಟಿಯಾಗಿ ಕೇಳಿದ್ಮೇಲೆ ಯಾರೂ ಏನೂ ಅಂದಿಲ್ಲ. ಈಗ ನಮ್ಮ ಸಂಘದ ಇಬ್ಬರು ಹೆಣ್ಮಕ್ಕಳು ಕಲಿತಾ ಇದಾರೆ, ಅವ್ರಿಗೂ ಮೊದ್ಲು ಹೇಳಿದ್ದು ಇದೇ, ಶಾಫ್ಟ್ ತಿರುಗ್ತಿರೋವಾಗ ಹಿಂದಕ್ಕೆ ಹೋಗ್ಬಾರ್ದು, ಬ್ಲೇಡಿಗೆ ಹುಲ್ಲು ಸುತ್ಕೊಂಡಿದ್ರೂ ಇಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕ್ಕೊಂಡೇ ಇಳೀಬೇಕು.

ರಾಗಿ ಬಗ್ಗೆ ಬೇಗ ಹೇಳ್ಬಿಡ್ತೀನಿ. ಎರಡು ಎಕರೆಗೆ ಕಲ್ಟಿವೇಟರ್ ಒಂದ್ಸಲ, ರೋಟವೇಟರ್ ಒಂದ್ಸಲ, ಆಮೇಲೆ ಕೂರಿಗೆ ಬಿತ್ತನೆ ಪಕ್ಕದ ಮನೆ ಎತ್ತಲ್ಲೇ, ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು. ಒಕ್ಕಣೆ ನಮ್ಮ ಕಣದಲ್ಲೇ ಟ್ರ್ಯಾಕ್ಟರ್ ಸುತ್ತಿಸಿ ಮಾಡ್ತೀವಿ. ರೋಡಿಗೆ ಹಾಸಲ್ಲ, ರಾಗಿ ಹುಲ್ಲಿನ ಮೇಲೆ ಬೈಕ್ ಜಾರಿ ಬಿದ್ದಿರೋದನ್ನ ನಾನೇ ಕಣ್ಣಾರೆ ನೋಡಿದೀನಿ. ಕಣದ ಕೆಲ್ಸ ಆದ ತಕ್ಷಣ ರೇಡಿಯೇಟರ್ ಜಾಲರಿ ಊದಿ ತೆಗೀಬೇಕು, ಹೊಟ್ಟು ಧೂಳು ಕಂಬಳಿ ಥರ ಮುಚ್ಕೊಂಡಿರುತ್ತೆ. ಅದನ್ನ ಬಿಟ್ಟು ಮಾರನೇ ದಿನ ಲೋಡು ಎಳೆದಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿತ್ತು. ಏರ್ ಫಿಲ್ಟರ್ ಕೂಡ ನಮ್ಮ ಕೆಂಪು ಧೂಳಿಗೆ ಬುಕ್ಕಲ್ಲಿ ಹೇಳಿದ್ದಕ್ಕಿಂತ ಬೇಗ ಬೇಗ ನೋಡ್ಬೇಕು. ಮೊದಲನೇ ಆಯಿಲ್ ಚೇಂಜ್ 50 ಗಂಟೆಗೇ ಮಾಡಿಸಿ, ಹೊಸ ಇಂಜಿನ್ನಿನ ಕಬ್ಬಿಣದ ಪುಡಿ ಅದ್ರಲ್ಲಿರುತ್ತೆ. ಡೀಸೆಲ್ಲು ಟ್ರೇಲರಿಗೆ ಗಂಟೆಗೆ ಒಂದೂವರೆ ಲೀಟರ್, ರೋಟವೇಟರಿಗೆ ಮೂರರ ಹತ್ರ ಬರ್ತಿದೆ ನಮಗೆ.

ದುಡ್ಡಿನ ಮಾತು. ನಾವು ತಗೊಂಡಾಗ ಜಿಎಸ್‌ಟಿ 12 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು 5ಕ್ಕೆ ಇಳಿದಿದೆ, ಈಗ ತಗೊಳ್ಳೋರಿಗೆ ಅಷ್ಟು ಅನುಕೂಲ. ಕೃಷಿ ಇಲಾಖೆ ಯಾಂತ್ರೀಕರಣ ಯೋಜನೇಲಿ ಉಪಕರಣಗಳಿಗೆ ಸಾಮಾನ್ಯ ವರ್ಗಕ್ಕೆ ಶೇಕಡಾ 50, ಪರಿಶಿಷ್ಟ ಜಾತಿ ಪಂಗಡದೋರಿಗೆ 90 ಸಹಾಯಧನ ಅಂತಾರೆ, ಆದ್ರೆ ಇಷ್ಟೇ ರೂಪಾಯಿ ಅಂತ ಮಿತಿ ಇರುತ್ತೆ, ಟ್ರ್ಯಾಕ್ಟರಿನ ಅರ್ಧ ದುಡ್ಡು ಬರುತ್ತೆ ಅಂತ ಲೆಕ್ಕ ಹಾಕ್ಕೊಂಡು ಸಾಲ ಮಾಡ್ಬೇಡಿ. ಹೋಬಳಿ ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ್ದು ಎಷ್ಟು ಅಂತ ಕೇಳ್ಕೊಂಡು, ಪಹಣಿ ಯಾರ ಹೆಸರಲ್ಲಿದೆಯೋ ಅವ್ರ ಎಫ್‌ಐಡಿ (ರೈತರ ಗುರುತಿನ ನಂಬರ್) ಸರಿ ಇದ್ಯಾ ಅಂತ ಮೊದ್ಲೇ ನೋಡ್ಕೊಳ್ಳಿ. ನಮ್ಮದು ಜಂಟಿ ಪಹಣಿ, ಅದನ್ನ ಸರಿ ಮಾಡಿಸೋದ್ರಲ್ಲೇ ನಾಲ್ಕು ತಿಂಗಳು ಹೋಯ್ತು. ಎರಡು ಎಕರೆ ಮಾತ್ರ ಇರೋರು ಸ್ವಂತ ತಗೊಳ್ಳೋಕ್ಕಿಂತ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತಗೊಳ್ಳೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ನಮಗೆ ಇದು ಹೊಂದ್ಕೊಂಡಿದ್ದು ವರ್ಷ ಪೂರ್ತಿ ಹೊರೋ ಕೆಲ್ಸ ಇರೋದ್ರಿಂದ, ಮತ್ತೆ ಮನೇಲಿ ಓಡಿಸೋರು ದಿನಾ ಇರೋದ್ರಿಂದ. ಆಳಿಗೆ ಕೊಟ್ಟು ಓಡಿಸೋದಾದ್ರೆ ಲೆಕ್ಕ ಬೇರೆ ಆಗುತ್ತೆ.

ಇನ್ನೊಂದು ಹೇಳೋದು ಮರೆತಿದ್ದೆ. ಕಲ್ಟಿವೇಟರ್ ಹಾಕಿದಾಗ ಬುಡದ ಹತ್ರ ಹೋಗ್ಬಾರ್ದು ಅಂತ ನಂಗೆ ಗೊತ್ತು, ಆದ್ರೆ ಹಿಂದೆ ತಿರುಗಿ ನೋಡ್ಕೊಂಡು ಓಡಿಸೋವಾಗ ಅಂದಾಜು ತಪ್ಪುತ್ತೆ, ಅದೂ ನಮ್ಮನೆಯೋರು ರಜಾ ದಿನ ಓಡಿಸಿದ್ರೆ ಇನ್ನೂ. ಅದಕ್ಕೆ ಮಾವ ಒಂದು ದಾರಿ ಮಾಡಿದ್ರು. ಏಳಡಿ ಹಗ್ಗ ಮರದಿಂದ ಹಿಡಿದು, ಅದ್ರ ತುದೀಲಿ ನಾಲ್ಕು ದಿಕ್ಕಿಗೂ ಒಂದೊಂದು ಕಲ್ಲು ಹೂತು, ಸುಣ್ಣ ಬಳೀತಾರೆ. ಕಲ್ಲು ಕಂಡ ತಕ್ಷಣ ಲಿವರ್ ಎತ್ತೋದು. ಮಂಡಿ ನೋವಲ್ಲೂ ಸ್ಟೂಲ್ ಹಾಕ್ಕೊಂಡು ಕೂತು ದಿನಕ್ಕೆ ಎರಡೋ ಮೂರೋ ಮರ ಅಂತ ಮಾಡ್ತಾ ಬಂದಿದಾರೆ, ಕಲ್ಲು ನಾನು ಟ್ರೇಲರಲ್ಲಿ ತಂದು ಮರದ ಹತ್ರ ಹಾಕಿ ಹೋಗ್ತೀನಿ. ಪೂರ್ವದ ಸಾಲಲ್ಲಿ ಇನ್ನ ಹನ್ನೊಂದು ಮರ ಬಾಕಿ ಇದೆ. ಭಾನುವಾರ ಹಳ್ಳದಿಂದ ಒಂದು ಲೋಡು ಕಲ್ಲು ತರ್ಬೇಕು, ಸುಣ್ಣಾನೂ ಖಾಲಿ ಆಗಿದೆ ಅಂತ ಬೆಳಿಗ್ಗೆ ಹೇಳಿದ್ರು.